ಅತ್ತೆ ಆರಿಸಿದ ಫಟಫಟಿ

ಮೋಟಾರು ಸೈಕಲ್ಲಿನ ಮೇಲೆ ನನ್ನ ಹಿಂದೆ ಕೂತ ಅತ್ತೆಯ ಸೆರಗು ಹಿಂದಿನ ಗಾಲಿಗೆ ಸಿಕ್ಕಬಹುದಿತ್ತು. ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟ ಅವಳ ಹಿಮ್ಮಡಿ ಕಾದ ಹೊಗೆಕೊಳವೆಗೆ ತಾಗಿ ಚುರ್ ಎನ್ನಬಹುದಿತ್ತು. ಎದುರು ಬಂದ ಎತ್ತುಗಳು ಬೆದರಿ ಗಾಡಿಯನ್ನು ಹಳ್ಳಕ್ಕೆ ಕೆಡವಬಹುದಿತ್ತು. ಗಾಡಿಯವನು ಬಾರುಕೋಲು ಹಿಡಿದು ನನ್ನ ಕಡೆಗೇ ಬರಬಹುದಿತ್ತು. ಬ್ರೇಕು ಹಿಡಿಯದೆ ಹೋಗಬಹುದಿತ್ತು, ಹಿಡಿದರೆ ಬಿಡದೆಯೂ ಇರಬಹುದಿತ್ತು. ಪೆಟ್ರೋಲು ಮುಗಿಯಬಹುದಿತ್ತು; ಮುಗಿಯದಿದ್ದರೆ ಹೊತ್ತಿಕೊಳ್ಳಬಹುದಿತ್ತು. ಅವಳ ಕೊರಳಿನ ಲಿಂಗ ಜಾರಿ ಬೀಳಬಹುದಿತ್ತು. ನಮ್ಮೂರು ಉಮರ್ಗಾದ ಮಂದಿ ನಗಬಹುದಿತ್ತು. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಭಯಂಕರವಾಗಿ ಕಂಡಿತೆಂದರೆ ನನ್ನ ಧೈರ್ಯದ ಅಳತೆ ನಿಮಗೆ ಸಿಕ್ಕೀತು.

ಅವಳು ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಭಾಲ್ಕಿ ಕಡೆಯ ಮನೆ ಬಿಟ್ಟು ತಮ್ಮನ ಮನೆಗೆ ಬಂದಳು. ನನ್ನ ಅವ್ವ ಹೋದಾಗ ನನ್ನನ್ನು ಸೊಂಟಕ್ಕೆ ಏರಿಸಿಕೊಂಡವಳು, ಅಪ್ಪನೂ ಹೋದ ಮೇಲೆ ಹೊಲ ನೋಡಿದಳು, ಗಾಡಿ ಹೊಡೆದಳು. ಎತ್ತು ತರಲು ಉದಗೀರದ ದನದ ಸಂತೆಗೆ ತಾನೇ ಹೋಗುವಳು. ಗಂಡಸರ ನಡುವೆ ನಿಂತು, ನೊಸಲ ವಿಭೂತಿ ಬೆವರಿಗೆ ಕರಗುವವರೆಗೆ ಒಂದೊಂದು ಎತ್ತನ್ನೂ ನಡೆಸಿ, ಕೂಗಿಸಿ ನೋಡುವಳು.

ಮನೆಯಲ್ಲಿ ಅವಳ ಮಾತೆಲ್ಲ ರೊಟ್ಟಿ, ಹಿಂಡಿ, ಹಾಲಿನ ಬಗ್ಗೆ ಮಾತ್ರ. ಬಾಳಿನ ಮಾತು ಏನಿದ್ದರೂ ಗಾಡಿಯಲ್ಲಿ. ತಾನು ಮುಂದೆ ಮೂಕಿಯ ಮೇಲೆ ಕೂತು, ಎತ್ತಿನ ಬಾಲ ನೋಡುತ್ತ, ಹಿಂದೆ ಕೂತ ನನಗೆ ಹೇಳುವಳು. ಮುಖ ಯಾಕೆ ನೋಡುವುದಿಲ್ಲವೆಂದರೆ, "ಮಾರಿ ನೋಡಿದ್ರ ಮಾತು ತಿರಗ್ತದೋ ತಮ್ಮಾ" ಎನ್ನುವಳು. ನಾನು ಹೈದರಾಬಾದಿಗೆ ಓದಲು ಹೋಗುವುದು ಹಾಗೇ ತೀರ್ಮಾನವಾಯಿತು, ನನ್ನ ಮದುವೆಯೂ ಹಾಗೇ. ನಾನು ಹೂಂ ಎನ್ನಬೇಕು, ಇಲ್ಲ ಉಹೂಂ ಎನ್ನಬೇಕು. ಒಮ್ಮೆ ಹೂಂ ಎಂದರೆ ಆ ಮಾತನ್ನು ಅವಳು ಮತ್ತೆ ಎತ್ತುತ್ತಿರಲಿಲ್ಲ.

ರಾಜ್ಯಗಳನ್ನು ಹಂಚಿ ನಾವು ಮುಂಬೈಯವರೂ ಭಾಲ್ಕಿಯವರು ಮೈಸೂರಿನವರೂ ಆದ ಮರುವರ್ಷ ಅವಳ ಮೈದುನನ ಮಗ ನಮ್ಮ ಮನೆಗೆ ಬಂದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. "ಮನ್ಯಾಗ ಹಿರಿ ಹೆಣ್ಮಗಳು ಇಲ್ರಿ ಕಾಕೂ, ನಮ್ಮಲ್ಲೇ ಬಂದು ಇರ್ರಿ" ಎಂದ. ಅತ್ತೆ ಅವನಿಗೆ ಊಟಕ್ಕೆ ಬಡಿಸಿ ಕಳಿಸಿದಳು. ಅವನು ಹೋದ ಮೇಲೆ ನನ್ನ ಕಡೆ ನೋಡದೆ, "ಇದರದು ನಿನ್ನ ಕೂಡ ಮಾತಾಡೂದದ. ಗಾಡ್ಯಾಗ ಆಡಮು" ಎಂದಳು.

ಅವಳು ಹೋಗಬಾರದು, ಅಷ್ಟೇ ನನಗೆ ಬೇಕಿದ್ದದ್ದು. ಆದರೆ ನಾನಾಗಿ ಬಾಯಿ ಬಿಡಲು ನನಗೆ ನೂರು ಅಂಜಿಕೆ. ಇರು ಎಂದರೆ ಎಮ್ಮೆ ಹಿಂಡಲು ಆಳು ಬೇಕೆಂದು ಹೇಳಿದಂತಾಗುವುದೇ? ಹೊಸ ಸೊಸೆಯಾದ ನನ್ನ ಹೆಂಡತಿಯ ಕೈಯಲ್ಲಿ ಇರಲು ಅವಳಿಗೇ ಮನಸ್ಸಿಲ್ಲದಿದ್ದರೆ? ಅವಳೇ ಕೇಳಲಿ, ಕೇಳಿದ ಕ್ಷಣವೇ ಉಹೂಂ ಎನ್ನೋಣ ಎಂದು ಆ ಒಂದು ಉಹೂಂ ಅನ್ನು ತಯಾರು ಮಾಡಿಟ್ಟುಕೊಂಡು ಕಾದೆ. ಆದರೆ ಅವು ಜೋಳದ ರಾಶಿಯ ದಿನಗಳು. ಗಾಡಿ ಹೊಲ ಬಿಟ್ಟು ಬರಲಿಲ್ಲ.

ಅದೇ ವೇಳೆಗೆ ನನಗೆ ಶಾಲೆಗಳ ತಪಾಸಣೆಯ ಕೆಲಸ ಬಂತು. ಮಾಕಣಿಯಿಂದ ಗುಂಜೋಟಿಯವರೆಗೆ ತಿರುಗಬೇಕು, ಸೈಕಲ್ಲು ಸಾಲದು. ಫಟಫಟಿ ಕೊಳ್ಳಬೇಕೆಂದಾಗ ಅತ್ತೆ ಕೂಡಲೇ ಸೆರಗು ಕಟ್ಟಿದಳು. "ಉದಗೀರಕ್ಕ ನಾನೂ ಬರ್ತೀನಿ. ನೀ ಎತ್ತಿನ ಕೊಂಬು ನೋಡಿ ಆರಿಸವ."

ಉದಗೀರದಲ್ಲಿ ರಿಪೇರಿ ಮಿಸ್ತ್ರಿಯೊಬ್ಬನ ಅಂಗಡಿ ಮುಂದೆ ಮಾರಾಟಕ್ಕೆ ಎರಡು ಫಟಫಟಿಗಳಿದ್ದವು. ಸಣ್ಣದರ ಮೇಲೆ ಕೂತರೆ ನನ್ನ ಎರಡೂ ಪಾದ ನೆಲ ಮುಟ್ಟುತ್ತಿದ್ದವು, ಬಿದ್ದರೆ ನಾನೊಬ್ಬನೇ ಎತ್ತಬಹುದಿತ್ತು. ಓಡಿಸುವುದಕ್ಕಿಂತ ಮೊದಲು ಬೀಳುವುದನ್ನು ಯೋಚಿಸುವವನಿಗೆ ಇನ್ನೇನು ಬೇಕು? ಇನ್ನೊಂದು ಮಿಲಿಟರಿಯವರು ಹರಾಜು ಹಾಕಿದ್ದು, ಕರೀ ಕೋಣದಂಥದು.

ಅತ್ತೆ ಎರಡನ್ನೂ ಸುತ್ತಿ ಬಂದಳು. ಸೀಟನ್ನು ಬೆನ್ನು ತಟ್ಟುವಂತೆ ತಟ್ಟಿದಳು. "ಎರಡೂ ಕೂಗಸ್ರಿ" ಎಂದಳು.

"ಅಮ್ಮಾ, ಯೇ ಬೈಲ್ ನಹೀ ಹೈ" ಎಂದು, ಇದು ಎತ್ತು ಅಲ್ಲವೆಂದು ಮಿಸ್ತ್ರಿ ನಕ್ಕ.

"ಹಾಲು ಕೊಡೂದಿಲ್ಲ, ಹೊರಿ ಹೊರ್ತದ. ಮತ್ತ ಬೈಲ್ ಅಲ್ದ ಏನು?"

ಸಣ್ಣದು ಪಿಟಿಪಿಟಿ ಎಂದಿತು. ದೊಡ್ಡದಕ್ಕೆ ಮಿಸ್ತ್ರಿ ಕಿಕ್ ಹೊಡೆದದ್ದೇ ತಡ, ಅಂಗಡಿಯ ತಗಡೆಲ್ಲ ನಡುಗಿ, ಬೇವಿನ ಮರದ ಕಾಗೆಗಳು ಎದ್ದು ಹೋದವು. ಅತ್ತೆಯ ಮುಖ ಅರಳಿತು.

"ಎದಿ ಇದ್ದದ್ದು ಹಿಂಗ ಕೂಗ್ತದ. ಇದನ್ನೇ ಹಿಡಿ."

"ಅತ್ತಿ, ಇದು ಬಿದ್ರ ನನ್ನ ಕೈಲಿ ಎತ್ಲಿಕ್ಕ ಆಗಂಗಿಲ್ಲ."

"ನೀ ಎಷ್ಟು ಸಲ ಬಿದ್ದಿ? ನಾ ಎತ್ತಿಲ್ಲೇನು?"

ಮುಗಿಯಿತು. ಬಸ್ಸಿನಲ್ಲಿ ತಿರುಗಿ ಬರುವಾಗ ಜನರ ಮೊಣಕೈಗಳ ನಡುವೆ ಬಾಳಿನ ಮಾತಿಗೆ ಜಾಗವಿರಲಿಲ್ಲ. ಮಿಸ್ತ್ರಿಯ ಕಡೆಯವನು ಫಟಫಟಿ ತಂದು, ಊರ ಹೊರಗಿನ ಬಯಲಿನಲ್ಲಿ ನನಗೆ ಕಲಿಸಿದ.

ನಮ್ಮಲ್ಲಿ ಒಂದು ರೂಢಿ. ಹೊಸ ಎತ್ತನ್ನು ಮೊದಲ ಸಲ ಹೂಡಿದಾಗ, ಅದನ್ನು ಆರಿಸಿದವರೇ ಗಾಡಿಯಲ್ಲಿ ಕೂರಬೇಕು. ಕೆಡವಿದರೆ ಮೊದಲು ಅವರನ್ನೇ ಕೆಡವಲಿ ಎಂದು. ಆದ್ದರಿಂದ ಗುಂಜೋಟಿಯ ಮಠದ ಅಯ್ಯನವರಿಂದ ಫಟಫಟಿಗೆ ವಿಭೂತಿ ಹಚ್ಚಿಸಲು ಹೊರಟಾಗ ಹಿಂದೆ ಕೂತವಳು ಅತ್ತೆ. ನನ್ನ ಹೆಗಲ ಮೇಲೆ ಅವಳ ಕೈ.

ಪೇಟೆಯಲ್ಲಿ ಹೂವಿನವನು, "ಕಾಯ್ ಸಾಹೇಬ, ಮೆರವಣಗಿ ಎಲ್ಲಿಗಿ?" ಎಂದು ಮರಾಠಿ ಬೆರೆಸಿ ಕೂಗಿದ.

"ನಿಮ್ಮಪ್ಪಗ ಹೆಣ್ಣ ನೋಡ್ಲಿಕ್ಕ ಹೊಂಟೀವಿ, ನೀನೂ ಬಾ" ಎಂದಳು ಅತ್ತೆ, ಫಟಫಟಿಗಿಂತ ಜೋರಾಗಿ. ಮಂದಿ ನಕ್ಕರು, ಆದರೆ ನಗೆಪಾಟಲಾದವನು ಹೂವಿನವನು.

ಊರು ದಾಟಿದ ಮೇಲೆ ನಾನು ದಾರಿಯಿಂದ ಕಣ್ಣು ಎತ್ತಲಿಲ್ಲ. ಫಟಫಟಿಯ ಅಬ್ಬರದಲ್ಲಿ ಬೆನ್ನ ಹಿಂದೆ ಅತ್ತೆಯ ದನಿ ಬರೀ ಗುನುಗುನು ಎನ್ನುತ್ತಿತ್ತು. ಅಂಜಿ ಶಿವನಾಮ ಹೇಳುತ್ತಿದ್ದಾಳೆ ಎಂದುಕೊಂಡೆ. ಅಂಜುವವನಿಗೆ ಲೋಕವೆಲ್ಲ ಅಂಜುಬುರುಕರೇ. ಆಮೇಲೆ ಅವಳು ಹೆಗಲು ತಟ್ಟಿದಳು. ನಿಧಾನ ಹೋಗು ಅನ್ನುತ್ತಿರಬೇಕೆಂದು "ಹೂಂ" ಎಂದು ಒದರಿದೆ. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟಿದಳು. ಇನ್ನೂ ಜೋರಾಗಿ "ಹೂಂ, ಹೂಂ" ಎಂದು, ವೇಗ ಇಳಿಸಿದೆ. ಆಮೇಲೆ ಗುಂಜೋಟಿಯವರೆಗೆ ಅವಳು ಮತ್ತೆ ತಟ್ಟಲಿಲ್ಲ. ನಾವು ಬೀಳಲಿಲ್ಲ. ಸೆರಗು ಸಿಕ್ಕಲಿಲ್ಲ, ಯಾವ ಎತ್ತೂ ಬೆದರಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಯುಗಾದಿ ಆದ ಮೇಲೆ ಮೈದುನನ ಮಗನ ಗಾಡಿ ಬಾಗಿಲಿಗೆ ಬಂತು. ಅತ್ತೆ ಗಂಟು ಕಟ್ಟಿದ್ದಳು. ನನ್ನನ್ನು ಕೇಳದೆಯೇ ಹೊರಟಳಲ್ಲ, ಆ ಮನೆಯೇ ಅವಳ ಮನಸ್ಸಿನಲ್ಲಿತ್ತು ಎಂದುಕೊಂಡೆ. ಹೊರಟವಳ ಕಾಲಿಗೆ ತೊಡಕಾಗಬಾರದೆಂದು ಅವಳ ಗಂಟನ್ನು ನಾನೇ ಗಾಡಿಗೆ ಇಟ್ಟೆ.

"ಅಲ್ಲಿ ಬಾವಿ ನೀರು ಉಪ್ಪಂತಲ್ಲಾ ಅತ್ತಿ" ಎಂದೆ. ಆಡಿದ್ದು ಅಷ್ಟೇ.

"ರೂಢಿ ಆಗ್ತದ ತಮ್ಮಾ" ಎಂದಳು. ಬಾಳಿನ ಮಾತನ್ನು ಎಂದೂ ಮುಖ ನೋಡಿ ಆಡದವಳು ಆ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಂತರ ಗಾಡಿ ಹತ್ತಿದಳು.

ಮುಂದಿನ ಮಳೆಗಾಲದಲ್ಲಿ ಅಲ್ಲಿಯೇ ಜ್ವರ ಬಂದು ತೀರಿಹೋದಳು. ನಾನು ಹೊಳೆ, ಕೆಸರು ದಾಟಿ ಆ ಫಟಫಟಿಯ ಮೇಲೆ ತಲುಪುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಫಟಫಟಿ ದಾರಿಯಲ್ಲಿ ಒಮ್ಮೆಯೂ ಕೆಡಲಿಲ್ಲ, ಆಯ್ಕೆ ಅವಳದು.

ಅವಳ ಮೈದುನನ ಮಗ ನನ್ನ ಪಕ್ಕ ಕೂತು ಹೇಳಿದ: "ಕರದಿದ್ದು ಖರೆ ರೀ, ಆದ್ರ ಆಕಿ ಬರ್ತಾಳಂತ ನಾವು ಅನಕೊಂಡಿದ್ದಿಲ್ಲ. ಅಂವಾ ಹೆಂಗ ಬಿಟ್ಟ ಕಾಕೂ, ಅಂತ ಕೇಳಿದ್ವಿ. ‘ಕೇಳೇ ಬಂದೀನೋ’ ಅಂದ್ಳು. ‘ಫಟಫಟಿ ಮ್ಯಾಲ ಕುಂತಾಗ ಕೇಳ್ದೆ, ನಾ ಅಲ್ಲಿಗಿ ಹೋಗ್ಲ್ಯಾ ತಮ್ಮಾ ಅಂತ. ಹೂಂ ಅಂದ. ಮನಸ ತಡೀಲಿಲ್ಲ, ಇನ್ನೊಮ್ಮಿ ಕೇಳ್ದೆ. ಹೂಂ ಹೂಂ ಅಂತ ಇನ್ನೂ ಜೋರ ಅಂದ.’"