ಎರೆಹುಳಗಳ ಹಾಜರಿ

ತೈಹು ಸರೋವರದ ದಂಡೆಯ ನಮ್ಮೂರಲ್ಲಿ ಮೂವತ್ತು ವರ್ಷ ತೋಫು ಮಾರಿದ ಚಿಯಾವ್‌ಯುನ್‌ಗೆ ಐವತ್ತೆಂಟನೇ ವಯಸ್ಸಿನಲ್ಲಿ ಹೊಸ ಕೆಲಸ ಸಿಕ್ಕಿತು: ಎರೆಹುಳ ಎಣಿಸುವುದು. ಮಣ್ಣಿನ ಸಂಶೋಧನೆಗೆ ಬಂದಿದ್ದ ಯಾನ್ ಮೇಷ್ಟ್ರು ಊರಾಚೆ ಮೂರು ಮಡಿ ಎಲೆಕೋಸು ಹಾಕಿಸಿದ್ದರು. ಮೊದಲನೆಯದಕ್ಕೆ ಮಾಮೂಲಿ ಗೊಬ್ಬರ. ಎರಡನೆಯದಕ್ಕೆ ಸತುವಿನ ನ್ಯಾನೊ ಗೊಬ್ಬರ, ಒಂದಿಷ್ಟೇ. ಮೂರನೆಯದಕ್ಕೆ ಅದನ್ನೇ ಧಾರಾಳವಾಗಿ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಕಣಗಳು ಮಣ್ಣಿನ ಜೀವಿಗಳನ್ನು ಏನು ಮಾಡುತ್ತವೆ ಎಂಬುದು ಅವರ ಪ್ರಶ್ನೆ.

ವಾರಕ್ಕೊಮ್ಮೆ ಚಿಯಾವ್‌ಯುನ್ ಮಡಿಗಳಿಗೆ ಸಾಸಿವೆ ನೀರು ಹೊಯ್ಯುತ್ತಿದ್ದಳು. ಉರಿ ತಾಳದೆ ಹುಳಗಳು ಮೇಲೆ ಬರುತ್ತಿದ್ದವು. "ಒಬ್ಬೊಬ್ರಾಗಿ ಬನ್ರಪ್ಪ, ನೂಕಾಡಬೇಡಿ," ಎನ್ನುತ್ತ ಎಣಿಸಿ, ತೊಳೆದು, ವಾಪಸು ಬಿಡುತ್ತಿದ್ದಳು.

ಎರಡು ತಿಂಗಳಲ್ಲಿ ಮಾಮೂಲಿ ಮಡಿಯ ಹುಳಗಳು ನಲವತ್ತರಿಂದ ಒಂಬತ್ತಕ್ಕಿಳಿದವು. ನ್ಯಾನೊ ಮಡಿಗಳಲ್ಲಿ ಅಂಥ ಇಳಿತ ಕಾಣಲಿಲ್ಲ. ಖುಷಿಯಲ್ಲಿ ಮೇಷ್ಟ್ರಿಗೆ ಊಟವೇ ಸೇರದಾಯಿತು.

"ಚಿಕ್ಕಮ್ಮ, ಈ ಗೊಬ್ಬರ ಹುಳಗಳನ್ನ ಕಾಪಾಡ್ತಾ ಇದೆ. ಇಂಥದ್ದನ್ನ ಯಾರೂ ಕಂಡಿಲ್ಲ," ಎಂದು ವರದಿ ಬರೆಯಲು ಕುಳಿತರು.

ಅದೇ ವಾರ ಗಂಡ ಲಾವೊ ಫಾಂಗ್‌ನ ಕೋಟು ಒಗೆಯಲೆಂದು ಜೇಬು ತಡಕಿದ ಚಿಯಾವ್‌ಯುನ್‌ಗೆ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ದಪ್ಪ ದಪ್ಪ ಎರೆಹುಳಗಳು. ಜೊತೆಗೆ ಸಾಸಿವೆಯ ಘಾಟು.

"ಏ ಮುದುಕಾ, ದಿನಾ ಮೀನು ತರ್ತಿದ್ದೆಯಲ್ಲ, ಗಾಳಕ್ಕೆ ಇವನ್ನ ಚುಚ್ತಿದ್ಯಾ?"

"ಹುಳ ತಾನೆ? ಅವಕ್ಕೇನು ಹೆಸರಿಟ್ಟಿದ್ಯಾ?"

"ಹನ್ನೆರಡಕ್ಕೆ ಇಟ್ಟಿದ್ದೆ," ಎಂದವಳಿಗೆ ಅಳುವೇ ಬಂತು.

ಮುಚ್ಚಿಟ್ಟರೆ ಮೇಷ್ಟ್ರು ತಪ್ಪು ವರದಿ ಬರೆದು ಹೆಸರು ಕೆಡಿಸಿಕೊಳ್ಳುತ್ತಾರೆ ಎಂದು ಹೆದರಿ, ಗಂಡನನ್ನು ಅವರ ಬಳಿಗೆ ಎಳೆದೊಯ್ದಳು. ವಿಷಯ ಕೇಳಿ ಮೇಷ್ಟ್ರು ಬಿಳಿಚಿಕೊಂಡರು. ಆದರೂ ಆಸೆ ಬಿಡಲಿಲ್ಲ.

"ಚಿಕ್ಕಪ್ಪ, ಮೊದಲನೇ ಮಡೀದೇ ಯಾಕೆ ಕಿತ್ಕೊಂಡ್ರಿ? ನ್ಯಾನೊ ಮಡಿ ಹುಳ ಮೀನಿಗೆ ಹಿಡಿಸಲ್ವಾ?"

"ಅದು ಗೇಟಿನ ಪಕ್ಕ ಇದೆ. ನನಗೆ ಮಂಡಿ ನೋವು."

ಮೇಷ್ಟ್ರು ವರದಿಯ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದರು.

"ಬೇಜಾರು ಮಾಡ್ಕೋಬೇಡಿ. ಆ ಮೀನು ನೀವೂ ಎರಡು ತಿಂದಿದ್ದೀರಿ," ಎಂದ ಲಾವೊ ಫಾಂಗ್.

ಮಡಿಗಳ ಸುತ್ತ ಬಲೆ ಕಟ್ಟಿ ಮರುವರ್ಷ ಮತ್ತೆ ಮೊದಲಿಂದ ಎಣಿಸಿದರು. ಒಂದಿಷ್ಟೇ ಹಾಕಿದ ಮಡಿಯ ಹುಳಗಳು ಮಾಮೂಲಿ ಮಡಿಯಷ್ಟೇ ಇದ್ದವು. ಧಾರಾಳವಾಗಿ ಹಾಕಿದಲ್ಲಿ ಅರ್ಧಕ್ಕಿಳಿದವು, ಮರಿಗಳಂತೂ ಅಪರೂಪ. ವರದಿ ಅಚ್ಚಾದಾಗ ಕೊನೆಯಲ್ಲಿ ಚಿಯಾವ್‌ಯುನ್‌ಗೆ ಕೃತಜ್ಞತೆ ಹೇಳಿದ್ದರು. ಮೊದಲ ವರ್ಷದ ಲೆಕ್ಕ ಕೈಬಿಟ್ಟ ಕಾರಣವನ್ನೂ ಬರೆದಿದ್ದರು: "ಒಂದು ದೊಡ್ಡ ಸ್ಥಳೀಯ ಪ್ರಾಣಿಯ ಹಾವಳಿ."

ಲಾವೊ ಫಾಂಗ್ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಚಹಾದಂಗಡಿಯಲ್ಲಿ ಎಲ್ಲರಿಗೂ ತೋರಿಸಿದ.

"ಇದು ನಾನೇ," ಎಂದ.