ಅಪ್ಪ ದಡದಿಂದ ಕೂಗಿದ ‘ಬಿಡು’

ನಾನು ಚಿಕ್ಕವನಿದ್ದಾಗ, ಎಪ್ಪತ್ತರ ದಶಕದಲ್ಲಿ, ನಮ್ಮ ಮನೆ ಲಂಡನ್ನಿನ ಹೌನ್ಸ್ಲೋದಲ್ಲಿತ್ತು. ಧಾರವಾಡದಿಂದ ಬಂದಿದ್ದ ಅಪ್ಪ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕೆಲಸದಲ್ಲಿದ್ದರು. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳುತ್ತಿದ್ದರು, ನಾವು ಹೆಚ್ಚಾಗಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆವು. ಅಕ್ಕ ಶಾಲೆಯ ಕಡೆಯಿಂದ ಹತ್ತಿರದ ಜಲಾಶಯದಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿದ್ದಳು. ಒಂದು ಶನಿವಾರ ಮನೆಯವರೂ ಬರಬಹುದು ಎಂದು ಶಾಲೆಯವರು ಹೇಳಿದರು. ಒಂದು ವಾರ ಅವಳ ಪಾಲಿನ ಪಾತ್ರೆ ತೊಳೆಯುವ ಮಾತು ಕೊಟ್ಟು ಅವಳ ದೋಣಿಯಲ್ಲಿ ಜಾಗ ಗಿಟ್ಟಿಸಿದೆ. ಅವಳು ಕೇಳಿದ್ದು ಒಂದು ತಿಂಗಳು. ಮೊದಲು ಕೇಳಿದ್ದಕ್ಕೇ ಒಪ್ಪಿಬಿಡಬಾರದು, ಮಕ್ಕಳೇ.

ಅಕ್ಕ ಚುಕ್ಕಾಣಿ ಹಿಡಿದಳು. ದೊಡ್ಡ ಹಾಯಿಯ ಹಗ್ಗ ನನ್ನ ಕೈಗೆ ಬಂತು. ಗಾಳಿ ಅಪ್ಪ ನಿಂತಿದ್ದ ದಡದಿಂದಲೇ ಬೀಸುತ್ತಿದ್ದರಿಂದ ಹೋಗುವಾಗ ಸುಖವೋ ಸುಖ. ತಿರುಗಿ ಬರಲು ಹೊರಟಾಗ ಫಜೀತಿ ಶುರುವಾಯಿತು. ಗಾಳಿಗೆದುರಾಗಿ ದೋಣಿ ನೇರ ಹೋಗುವುದಿಲ್ಲ. ಓರೆಯಾಗಿ ಒಮ್ಮೆ ಅತ್ತ, ಒಮ್ಮೆ ಇತ್ತ ಸಾಗಬೇಕು. ಹಾಯಿಯನ್ನು ಎಷ್ಟು ಎಳೆಯಬೇಕು ಎಂಬುದರಲ್ಲೇ ಎಲ್ಲ ಇದೆ. ಎಳೆದಷ್ಟೂ ಲಾಭ ಎಂದುಕೊಂಡ ನಾನು ಹಗ್ಗವನ್ನು ಎದೆಗವಚಿಕೊಂಡು ಎಳೆದೆ. ಹಾಯಿ ಹಲಗೆಯಂತೆ ಬಿಗಿಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಮುಂದೆ ಹೋಗದೆ ಪಕ್ಕಕ್ಕೆ ಜಾರತೊಡಗಿತು.

ಹಿಂದೆ, ಕಲ್ಲು ಹಾಸಿದ ಆಚೆ ದಡಕ್ಕೆ ಅಲೆಗಳು ರಪರಪನೆ ಬಡಿಯುವ ಸದ್ದು ಹತ್ತಿರವಾಗುತ್ತಿತ್ತು. ಕಾಪಾಡಬೇಕಾದ ಮೋಟಾರು ದೋಣಿ ಜಲಾಶಯದ ಇನ್ನೊಂದು ಮೂಲೆಯಲ್ಲಿ, ಮಗುಚಿದ ಬೇರೊಂದು ದೋಣಿಯ ಬಳಿ ಇತ್ತು. ಒಳಗೆ ಬಂದ ತಣ್ಣೀರಿನಲ್ಲಿ ನಮ್ಮ ಕಾಲು ಮರಗಟ್ಟಿದ್ದವು. ಅಕ್ಕನ ತುಟಿ ನೀಲಿಯಾಗಿತ್ತು. ಆ ಕಲ್ಲಿಗೆ ಬಡಿದರೆ ದೋಣಿ ನುಚ್ಚುನೂರಾಗುತ್ತಿತ್ತು.

ದೂರದ ದಡದಲ್ಲಿ ಅಪ್ಪ ಓಡಾಡುತ್ತಿದ್ದರು. ಪಕ್ಕದಲ್ಲಿದ್ದ ದೋಣಿ ಕಲಿಸುವ ಮೇಷ್ಟ್ರ ದನಿ ಅಷ್ಟು ದೂರ ಮುಟ್ಟದ್ದರಿಂದ, ಅವರು ಹೇಳಿದ್ದನ್ನು ಅಪ್ಪ ಗಾಬರಿಯಲ್ಲಿ ಕನ್ನಡಕ್ಕೆ ತಿರುಗಿಸಿ ಕೂಗುತ್ತಿದ್ದರು. ಗಾಳಿ ಅವರ ದನಿಯನ್ನು ನಮ್ಮ ಕಡೆ ತರುತ್ತಿತ್ತು. ನಮ್ಮದನ್ನು ಅವರಿಗೆ ಒಯ್ಯುತ್ತಿರಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಹಾದು ಅರ್ಧ ಮಾತನ್ನು ನುಂಗಿತು. ನಮಗೆ ದಕ್ಕಿದ್ದು ಇಷ್ಟೇ:

“ಬಿಡು! ಬಿಡಲೇ ತಮ್ಮಾ, ಬಿಡು!”

“ವಾಟ್ಸ್ ಹಿ ಸೇಯಿಂಗ್?” ಎಂದು ನಾನು ಅತ್ತೆ.

“ಲೀವ್ ಇಟ್ ಅಂತೆ,” ಎಂದಳು ಅಕ್ಕ.

ನಮಗೆ ಗೊತ್ತಿದ್ದ ‘ಬಿಡು’ ಅದೊಂದೇ. ಲೋಟ ಒಡೆದರೆ ಅಮ್ಮ “ಇರಲಿ ಬಿಡು” ಎನ್ನುತ್ತಿದ್ದರಲ್ಲ, ಅದು. ಸರಿ, ಹಗ್ಗ ಇದ್ದ ಹಾಗೇ ಇರಲಿ ಎಂದು ಇನ್ನೂ ಬಿಗಿಯಾಗಿ ಹಿಡಿದೆ. ಅಪ್ಪ ಕೂಗಿದಷ್ಟೂ ನಾನು ಬಿಗಿ ಹಿಡಿದೆ.

ಕೊನೆಗೆ ನನ್ನ ಬೆರಳುಗಳೇ ಸೋತವು. ಹಗ್ಗ ಮೊಳದಷ್ಟು ಜಾರಿತು. ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಹಾಯಿಗೆ ಸ್ವಲ್ಪ ಹೊಟ್ಟೆ ಬಂತು, ಗಾಳಿಯ ದಿಕ್ಕು ತೋರಿಸಲು ಅದರ ಹಿಂದಿನ ಅಂಚಿಗೆ ಕಟ್ಟಿದ್ದ ಬಟ್ಟೆಯ ಪಟ್ಟಿಗಳು ನೆಟ್ಟಗೆ ಹಾರಿದವು, ವಾಲಿದ್ದ ದೋಣಿ ಎದ್ದು ನೀರು ಸೀಳಿಕೊಂಡು ಹೊರಟಿತು. ನಾನು ಮತ್ತೆ ಎಳೆಯಲು ಹೋದೆ.

“ಡೋಂಟ್!” ಎಂದು ಅಕ್ಕ ಚೀರಿದಳು.

ಅಲ್ಲಿಂದ ಅಂಕುಡೊಂಕಾಗಿ ಅದೆಷ್ಟು ಸಲ ತಿರುಗಿದೆವೋ. ದಡ ಹತ್ತಿರವಾದಾಗ ಈಜು ಬಾರದ ಅಪ್ಪ ಬೂಟು ಸಮೇತ ಸೊಂಟದವರೆಗೆ ನೀರಿಗಿಳಿದು ದೋಣಿಯ ಅಂಚು ಹಿಡಿದರು.

“ಬಿಡು ಬಿಡು ಅಂತ ಒದರಾಕತ್ತೀನಿ, ಕೇಳಸಲಿಲ್ಲೇನಲೇ?”

“ಕೇಳಿಸ್ತಪ್ಪಾ. ಅದಕ್ಕೇ ಹಂಗೇ ಬಿಟ್ಟಿದ್ದೆ.”

ಅಪ್ಪ ನನ್ನನ್ನೇ ನೋಡಿದರು. ನಗಲು ಬಾಯಿ ತೆರೆದರು, ನಗು ಬರಲಿಲ್ಲ. ಅಕ್ಕನ ಎರಡೂ ಕೈಗಳನ್ನು ತಮ್ಮ ಕಂಕುಳಲ್ಲಿ ಒತ್ತಿ ಹಿಡಿದು ನೀರಿನಲ್ಲೇ ನಿಂತುಬಿಟ್ಟರು.

ಮುಂದೆ ವ್ಯಾಪಾರಕ್ಕೆ ಇಳಿದಾಗ ಈ ಪಾಠ ನನಗೆ ಬಹಳ ಸಲ ಒದಗಿತು. ಒಂದು ಮೊಳ ಸಡಿಲಿಸಿದವನೇ ಮುಂದೆ ಹೋಗುತ್ತಾನೆ. ಇನ್ನೊಂದು: ಅರ್ಧ ಕೇಳಿದ ಮಾತಿನ ಮೇಲೆ ಏನನ್ನೂ ನಿರ್ಧರಿಸಬೇಡಿ.

ಈಗ ನೀವೂ ಹಾಯಿದೋಣಿ ನಡೆಸುತ್ತೀರಿ. ನಿಮ್ಮ ಹೆಲ್ಮೆಟ್ಟಿನೊಳಗೇ ಮೇಷ್ಟ್ರ ದನಿ ಕೇಳುತ್ತದೆ, ನೀವು ಎಲ್ಲಿದ್ದೀರೆಂದು ಫೋನಿನಲ್ಲಿ ಚುಕ್ಕೆ ಕಾಣಿಸುತ್ತದೆ. ದಡದಿಂದ ಯಾರೂ ಕೂಗಬೇಕಾಗಿಲ್ಲ. “ತಾತಾ, ಯು ಕ್ಯಾನ್ ಸಿಟ್ ಇನ್ ದ ಕಾರ್” ಎನ್ನುತ್ತೀರಿ. ಆಗಲಿ ಎಂದು ನಾನೂ ತಲೆಯಾಡಿಸುತ್ತೇನೆ. ಆದರೆ ಒಂದು ಸಲವೂ ಕಾರಿನಲ್ಲಿ ಕೂತಿಲ್ಲ.