ಒರಿಜಿನಲ್ ಡಿಸ್ಕ್ ಕೊಂಡ ತಪ್ಪಿಗೆ

ಕಳ್ಳತನ ಮಾಡಬೇಡಿ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದರಲ್ಲೂ ಆ ಉಪದೇಶವನ್ನು ಹಾಡಿನ ಡಿಸ್ಕಿನ ಡಬ್ಬಿಯ ಹಿಂಬದಿಯಲ್ಲಿ ಅಚ್ಚು ಹಾಕಿಸುವವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ಕಾಪುವಿನ ನಮ್ಮ ನೆರೆಕರೆಯವರೆಲ್ಲ ಉಡುಪಿ ಬಸ್‌ಸ್ಟ್ಯಾಂಡಿನ ಬಳಿ ಗೋಣಿ ಹಾಸಿ ಮಾರುತ್ತಿದ್ದ ನಕಲಿ ಡಿಸ್ಕ್ ತಂದು ಹಾಕುತ್ತಿದ್ದರು. ನಾನು ಮಾತ್ರ ಮಹಾ ಸತ್ಯವಂತೆ. ತಂಗಿಯ ಮದುವೆ ಮನೆಗೆ ಹಾಡು ಬೇಕೆಂದು ಮಣಿಪಾಲದ ಅಂಗಡಿಗೆ ಹೋಗಿ, ದೊಡ್ಡ ಕಂಪನಿಯೊಂದರ ಒರಿಜಿನಲ್ ಡಿಸ್ಕ್ ಕೊಂಡು ಬಂದು ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ ಉದ್ದದ ಕರಾರು ಬಂತು. ಒಪ್ಪದಿದ್ದರೆ ಹಾಡು ಇಲ್ಲ. ಒಪ್ಪಿದೆ.

ಅದೇ ಕಂಪ್ಯೂಟರಿನಲ್ಲಿ ಅಮ್ಮನ ಧ್ವನಿ ಇತ್ತು.

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ರೋಸ್ ಇರುತ್ತದೆ. ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹಿರಿಯ ಹೆಂಗಸೊಬ್ಬಳು ವೋವಿ ಎಂಬ ಶೋಭಾನೆ ಹಾಡು ಎತ್ತಬೇಕು, ಉಳಿದವರು ಅವಳ ಹಿಂದೆ ಹಾಡಬೇಕು. ಕಾಪುವಿನಿಂದ ಹೆಜಮಾಡಿಯವರೆಗೆ ಯಾರ ಮನೆಯಲ್ಲಿ ರೋಸ್ ಇದ್ದರೂ ಅಮ್ಮನಿಗೆ ಕರೆ ಬರುತ್ತಿತ್ತು. ಗಂಟಲಿನ ಆಪರೇಶನ್ ಆದ ಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. ಸ್ವಂತ ಮಗಳ ರೋಸಿಗೆ ಹಾಡಲಾಗುವುದಿಲ್ಲವಲ್ಲ ಎಂಬ ಸಂಕಟ ಅವಳನ್ನು ತಿನ್ನುತ್ತಿತ್ತು. ಹಿಂದೊಮ್ಮೆ ಯಾರದೋ ರೋಸಿನಲ್ಲಿ ಟೇಪ್ ಮಾಡಿದ್ದ ಅವಳ ಹಾಡಿನ ಕ್ಯಾಸೆಟ್ ಒಂದಿತ್ತು. ಬೂಷ್ಟು ಹಿಡಿದು ಹಾಳಾಗುವ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿದ್ದೆ. ತಂಗಿಯ ರೋಸಿಗೆ ಅದನ್ನೇ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಕ್ಯಾಸೆಟ್ ಎಲ್ಲಿ ಹೋಯಿತು ಎಂದು ಕೇಳಬಹುದು. ಗಲ್ಫಿಗೆ ಗಂಡಸರನ್ನು ಕಳಿಸಿದ ನಮ್ಮಂಥ ಮನೆಗಳಲ್ಲಿ ಕ್ಯಾಸೆಟ್ ಸುಮ್ಮನೆ ಕೂರುವುದಿಲ್ಲ. ಅಪ್ಪ ಅಲ್ಲಿದ್ದಾಗ ಕಾಗದ ಬರೆಯುವ ಬದಲು ಮಾತನ್ನು ಟೇಪ್ ಮಾಡಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ನಾವು ಕೇಳಿ, ಅದರ ಮೇಲೆಯೇ ನಮ್ಮ ಸುದ್ದಿ ತುಂಬಿಸಿ ವಾಪಸ್ ಕಳಿಸುತ್ತಿದ್ದೆವು. ಅಮ್ಮನಿಗೆ ಆ ಅಭ್ಯಾಸ ಹೋಗಿರಲಿಲ್ಲ. ಹಾಡು ಕಂಪ್ಯೂಟರಿನಲ್ಲಿ ಭದ್ರವಾಗಿದೆ ಎಂದು ನಾನು ಹೇಳಿದ್ದೇ ತಡ, ಕ್ಯಾಸೆಟ್ಟಿಗೆ ರೇಡಿಯೋದ ಭಕ್ತಿಗೀತೆ ತುಂಬಿಸಿಬಿಟ್ಟಿದ್ದಳು.

ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ತೆವಳತೊಡಗಿತು. ಉಡುಪಿಯಿಂದ ಬಂದ ರಿಪೇರಿಯವನು ನೋಡಿ ತಲೆ ಕೆರೆದುಕೊಂಡ.

“ಇದರೊಳಗೆ ಎಂತದೋ ಅಡಗಿ ಕೂತಿದೆ ಮೇಡಂ. ನೀವು ಹಾಕಿದ ಡಿಸ್ಕಿನಿಂದಲೇ ಬಂದದ್ದು. ಯಾರೂ ಕಾಪಿ ಮಾಡಬಾರದೆಂದು ಕಾವಲಿಗೆ ಇಟ್ಟಿದ್ದಾರೆ. ಹೊರದೇಶದಲ್ಲಿ ಇದರದ್ದು ದೊಡ್ಡ ಗಲಾಟೆ ಉಂಟು.”

ಅವನು ಅದನ್ನು ಕಿತ್ತು ಹಾಕಿದರೆ ಡಿಸ್ಕ್ ಡ್ರೈವೇ ಮಾಯವಾಯಿತು. ಹೊರದೇಶದವರೆಲ್ಲ ಬೈದ ಮೇಲೆ ಕಂಪನಿಯೇ ಪರಿಹಾರವೆಂದು ಬಿಟ್ಟಿದ್ದ ಇನ್ನೊಂದು ಪ್ರೋಗ್ರಾಮನ್ನೂ ಹಾಕಿದೆವು. ಆ ದರಿದ್ರ ಹೋಗುವಾಗ ಬಾಗಿಲು ತೆರೆದಿಟ್ಟು ಹೋಯಿತು, ವೈರಸ್ಸು ನುಗ್ಗಿತು. ಅಮ್ಮನ ಫೈಲ್ ತೆರೆದರೆ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಚಟ ಸದ್ದು, ಅಷ್ಟೇ. ಅಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಅಡುಗೆಮನೆಗೆ ಹೋದಳು.

ಥೂ! ನಕಲಿ ಡಿಸ್ಕ್ ತಂದವರ ಮನೆಗಳಲ್ಲಿ ಹಾಡು ಗಂಟಲು ಹರಿಯುವಂತೆ ಮೊಳಗುತ್ತಿತ್ತು. ಅಲ್ಲಿಗೆ ಯಾವ ಕಾವಲುಗಾರನೂ ಹೋಗಿರಲಿಲ್ಲ. ದುಡ್ಡು ಕೊಟ್ಟು ಕೊಂಡವಳ ಮನೆಗೆ ಕನ್ನ.

ಡಿಸ್ಕ್ ಹಿಡಿದು ಮಣಿಪಾಲಕ್ಕೆ ಹೋದೆ. ನನಗಿಂತ ಮೊದಲೇ ಕಾಲೇಜು ಹುಡುಗ ಹುಡುಗಿಯರು ಅಂಗಡಿಯ ಮುಂದೆ ಜಮಾಯಿಸಿದ್ದರು. ಡಿಸ್ಕುಗಳನ್ನು ಹುರಿಹಗ್ಗಕ್ಕೆ ಪೋಣಿಸಿ ಅಂಗಡಿಯ ಬೋರ್ಡಿಗೆ ಮಾಲೆ ಹಾಕಿದ್ದರು, ಸತ್ತವರ ಫೋಟೋಕ್ಕೆ ಹಾಕಿದ ಹಾಗೆ. ನನ್ನದನ್ನೂ ಕೊಟ್ಟೆ. ಅಂಗಡಿಯವರು, “ನಾನೆಂತ ಮಾಡುದು ಮಾರಾಯ್ರೆ, ಕಂಪನಿಯವರು ಕಳಿಸಿದ್ದನ್ನು ಮಾರಿದೆ” ಎಂದು ಗೋಗರೆದರು. ನಾಚಿಕೆಯಾಗಬೇಕಾದವರು ಎಲ್ಲೋ ಎ.ಸಿ. ಕೋಣೆಯಲ್ಲಿ ಕೂತಿದ್ದರು.

ಕಂಪನಿಗೆ ಇಮೇಲ್ ಬರೆದೆ. ಉತ್ತರ ಬಂತು, ಭಾರೀ ವಿನಯದ್ದು. ಡಿಸ್ಕ್ ಬದಲಾಯಿಸಿ ಕೊಡುತ್ತಾರಂತೆ. ನನ್ನ ತಾಯಿಯ ಹಾಡಿನ ಬಗ್ಗೆ ಅವರಿಗೆ ವಿಷಾದವಂತೆ. ಮುಖ್ಯವಾದ ಧ್ವನಿಮುದ್ರಣಗಳನ್ನು ಗ್ರಾಹಕರು ಇನ್ನೊಂದು ಕಾಪಿ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದಂತೆ! ಕಾಪಿ ಮಾಡಿ ಎಂದು ನನಗೆ ಬುದ್ಧಿ ಹೇಳಿದವರು ಇವರು.

ರೋಸಿನ ದಿನ ತಂಗಿ ಚಪ್ಪರದಲ್ಲಿ ಕೂತಳು, ತೆಂಗಿನಹಾಲು ಬಂತು. ಅಮ್ಮ ಎದುರಿಗೇ ಇರುವಾಗ ವೋವಿ ಎತ್ತಲು ಬೇರೆ ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ಅಮ್ಮ ನನ್ನ ಪಕ್ಕಕ್ಕೆ ಬಂದು, ಕಿವಿಗೆ ಬಾಯಿ ತಾಗಿಸಿ ಒಂದು ಸಾಲು ಪಿಸುಗುಟ್ಟಿದಳು. ನನ್ನದು ಕಾಗೆ ಸ್ವರ. ಆದರೂ ಎತ್ತಿದೆ. ಹೆಂಗಸರು ಹಿಂದೆ ಹಾಡಿದರು. ಅವಳು ಇನ್ನೊಂದು ಸಾಲು ಹೇಳಿದಳು. ಹೀಗೆ ಪೂರ್ತಿ ವೋವಿ ಮುಗಿಯಿತು.

ಕಾರ್ಕಳದಿಂದ ಬಂದಿದ್ದ ಚಿಕ್ಕಮ್ಮ ಹೊಸ ಮೊಬೈಲಿನಲ್ಲಿ ಅದನ್ನು ರೆಕಾರ್ಡ್ ಮಾಡಿದ್ದರು. “ಇದರ ಕಾಪಿ ಬೇರೆಯವರಿಗೆ ಕೊಡಬಹುದಾ?” ಎಂದು ಕೇಳಿದರು.

“ಊರಿಗೆಲ್ಲ ಕೊಡಿ” ಎಂದೆ.

ಈಗ ಅದು ನೆಂಟರೆಲ್ಲರ ಫೋನಿನಲ್ಲಿದೆ. ಎಲ್ಲರೂ ಅದನ್ನು ಅಮ್ಮನ ವೋವಿ ಎಂದೇ ಕರೆಯುತ್ತಾರೆ. ಅಮ್ಮ ತೀರಿಕೊಂಡ ಮೇಲೆ ಎಷ್ಟೋ ಸಲ ಫೋನಿನ ಸದ್ದು ಪೂರ್ತಿ ಏರಿಸಿ, ಕಿವಿಗೆ ಒತ್ತಿಕೊಂಡು ಕೇಳಿದ್ದೇನೆ. ಸಾಲುಗಳ ನಡುವೆ ಅವಳ ಪಿಸುಮಾತು ಇರಬೇಕಿತ್ತು. ನನ್ನ ಸ್ವರ, ಹಿಂದೆ ಹಾಡಿದವರ ಸ್ವರ ಬಿಟ್ಟರೆ ಬೇರೇನೂ ಕೇಳುವುದಿಲ್ಲ.